ಗೆರೆಗೆ ಒಂದು ಗಜ

ನನ್ನ ಮಗ ಕಾರ್ಡೆಲ್ ಒಂಬತ್ತು ವರ್ಷ ಸಂಬಳಕ್ಕೆ ಫುಟ್‌ಬಾಲ್ ಆಡಿದ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಅಮೆರಿಕದ ಫುಟ್‌ಬಾಲ್. ಇನ್ನೂರ ಹನ್ನೊಂದು ಸಲ ಚೆಂಡು ಹಿಡಿದ. ಚೆಂಡಿನೊಂದಿಗೆ ಕೊನೆಯ ಗೆರೆ ದಾಟುವ ಟಚ್‌ಡೌನ್ ಮಾತ್ರ ಸೊನ್ನೆ. ಇದನ್ನು ಕೇಳಿದವರೆಲ್ಲ ಮೊದಲು ಅಯ್ಯೋ ಪಾಪ ಅನ್ನುತ್ತಾರೆ. ಆ ಪಾಪವನ್ನು ಅವರೇ ಇಟ್ಟುಕೊಳ್ಳಲಿ, ನನಗೆ ಬೇಡ.

ಅವನು ವೈಡ್ ರಿಸೀವರ್. ಮೈದಾನದ ಅಂಚಿನಿಂದ ಓಡಿ, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವುದು ಕೆಲಸ. ರಿಸೀವರ್‌ಗಳಲ್ಲಿ ಎರಡು ಜಾತಿ. ಒಂದು ಜಾತಿಯವರು ಚೆಂಡು ಹಿಡಿದು ಕೊನೆಯ ಗೆರೆ ದಾಟುತ್ತಾರೆ, ಅಲ್ಲಿ ಕುಣಿಯುತ್ತಾರೆ, ಅವರ ಹಲ್ಲು ಟೂತ್‌ಪೇಸ್ಟ್ ಜಾಹೀರಾತಿನಲ್ಲಿ ಬರುತ್ತದೆ. ಇನ್ನೊಂದು ಜಾತಿಯವರು ಆರು ಗಜ ಬೇಕಾದಾಗ ಏಳು ಗಜ ತಂದುಕೊಡುತ್ತಾರೆ, ಮೂವರು ದಾಂಡಿಗರ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಗಿ ಎದ್ದು ಬರುತ್ತಾರೆ. ಮುಂದಿನ ಎಸೆತದಲ್ಲಿ ಆ ಮೊದಲನೇ ಜಾತಿಯವನು ಗೆರೆ ದಾಟುತ್ತಾನೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಅಂತಾರಲ್ಲ, ಹಾಗೆ. ನನ್ನ ಮಗ ಗೆದ್ದಲು.

ಅವನ ಕೈಗಳನ್ನು ತಯಾರು ಮಾಡಿದ್ದು ನಾನೇ, ಅದನ್ನು ಯಾವ ಕೋಚ್ ಬಂದು ತನ್ನದು ಅಂದರೂ ಒಪ್ಪುವುದಿಲ್ಲ. ಅಲಬಾಮದ ಕ್ಯಾಮ್‌ಡೆನ್ನಿನಲ್ಲಿ ಇಪ್ಪತ್ತೆಂಟು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು ನಾನು. ಬೇಸಿಗೆ ರಜೆಯಲ್ಲೂ ಅಲ್ಲಿ ಮಕ್ಕಳಿಗೆ ಊಟವಿರುತ್ತಿತ್ತು, ಆಗ ಅವನನ್ನು ಜತೆಗೆ ಕರೆದೊಯ್ದು, ಚೀಲದಿಂದ ಆಲೂಗಡ್ಡೆ ಒಂದೊಂದೇ ಎಸೆಯುತ್ತಿದ್ದೆ. ಹಿಡಿದಾಗ ಸದ್ದು ಬಂದರೆ ಆ ಆಲೂಗಡ್ಡೆ ಅವನೇ ಸುಲಿಯಬೇಕು. ಮೊದಲ ಬೇಸಿಗೆ ಒಂದು ಗುಡ್ಡದಷ್ಟು ಸುಲಿದ. ಮೂರನೇ ಬೇಸಿಗೆಗೆ ಸುಲಿಯುವವಳು ನಾನೊಬ್ಬಳೇ ಆಗಿದ್ದೆ.

ಕಾಲೇಜು ಮುಗಿದಾಗ ಯಾವ ತಂಡವೂ ಅವನ ಹೆಸರು ಕೂಗಲಿಲ್ಲ. ಕಡೆಗೆ ಯಾರೋ ಕಾಲು ಮುರಿದುಕೊಂಡರು ಅಂತ ಒಂದು ತಂಡ ಕರೆಯಿತು, ಎರಡು ವರ್ಷ ಬೆಂಚಿನಲ್ಲಿ ಕೂರಿಸಿತು. ಆಮೇಲೆ ಟೊಲೀಡೊ. ಉತ್ತರದ ದೊಡ್ಡ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಮೂಗು ಉದುರಿಹೋಗುವ ಊರು. ನಾನು ನಿವೃತ್ತಿಯಾದ ಮೇಲೆ ಪ್ರತಿ ಆಟದ ಕಾಲಕ್ಕೂ ಅಲ್ಲಿಗೇ ಬಂದು ಅವನ ಮನೆಯಲ್ಲಿ ಇರತೊಡಗಿದೆ. ಅಲ್ಲಿನ ಕ್ರೀಡಾಂಗಣದಲ್ಲಿ ಗೋಡೆಗೆ ಅಂಟಿಕೊಂಡೇ ಆಟಗಾರರ ತಾಯಂದಿರಿಗೆ ಒಂದು ಸಾಲಿದೆ. ಟಚ್‌ಡೌನ್ ಮಾಡಿದ ಮಗ ಚೆಂಡು ಹಿಡಿದುಕೊಂಡು ನೇರ ಆ ಸಾಲಿಗೆ ಓಡಿ ಬಂದು, ಗೋಡೆಯ ಮೇಲಿಂದ ಅಮ್ಮನ ಕೈಗೆ ಕೊಡುತ್ತಾನೆ. ಅದು ಅಲ್ಲಿನ ಪದ್ಧತಿ. ಏಳು ವರ್ಷ ಆ ಸಾಲಿನಲ್ಲಿ ಕೂತು ಬೇರೆ ಅಮ್ಮಂದಿರ ಮಡಿಲಿಗೆ ಚೆಂಡು ಬೀಳುವುದನ್ನು ನೋಡಿದೆ. ಚಪ್ಪಾಳೆ ತಟ್ಟಿದೆ. ಹೊಟ್ಟೆಕಿಚ್ಚೂ ಪಟ್ಟೆ, ಸುಳ್ಳು ಯಾಕೆ ಹೇಳಲಿ.

ನನ್ನ ಮಗ ಗೆರೆ ದಾಟಲೇ ಇಲ್ಲ ಅಂತಲ್ಲ. ಟೊಲೀಡೊದ ಎರಡನೇ ವರ್ಷ ಒಮ್ಮೆ ದಾಟಿಬಿಟ್ಟಿದ್ದ. ನಾನು ಸೀಟು ಹತ್ತಿ ಕುಣಿಯುತ್ತಿದ್ದೆ. ನೋಡಿದರೆ ಹುಲ್ಲಿನ ಮೇಲೆ ತೀರ್ಪುಗಾರ ತಪ್ಪು ಕಂಡಾಗ ಎಸೆಯುವ ಹಳದಿ ಬಟ್ಟೆ ಬಿದ್ದಿದೆ. ನಮ್ಮವನೇ ಒಬ್ಬ ದಢೂತಿ ಎದುರಾಳಿಯ ಅಂಗಿ ಹಿಡಿದು ಎಳೆದಿದ್ದನಂತೆ. ಟಚ್‌ಡೌನ್ ರದ್ದು.

“ಯಾವ ಪುಣ್ಯಾತ್ಗಿತ್ತಿ ಹೆತ್ತಳಪ್ಪಾ ಅವನ್ನ?” ಅಂತ ಇಡೀ ಸಾಲಿಗೆ ಕೇಳಿಸುವ ಹಾಗೆ ಕೂಗಿದೆ.

ಪಕ್ಕದ ಸೀಟಿನ ಬಿಳೀ ಹೆಂಗಸು ತಲೆ ತಗ್ಗಿಸಿ, “ನಾನೇ ಕಣ್ರೀ,” ಅಂದಳು.

ಡೊಲೊರೆಸ್ ಕೊವಾಲ್ಸ್ಕಿ ನನಗೆ ಗೆಳತಿಯಾದದ್ದು ಹೀಗೆ. ಅವಳ ಮಗ ಸ್ಟಾನ್ ಕ್ವಾರ್ಟರ್‌ಬ್ಯಾಕಿನ ಮುಂದೆ ಗೋಡೆಯಂತೆ ನಿಲ್ಲುವವನು. ಆ ತಪ್ಪಿಗೆ ಆ ವರ್ಷವಿಡೀ ಅವಳು ಪ್ರತಿ ಪಂದ್ಯಕ್ಕೂ ನನಗೆ ಪಿರೋಗಿ ಮಾಡಿಕೊಂಡು ಬಂದಳು. ಆಲೂಗಡ್ಡೆ ಹೂರಣದ ಆ ಕಡುಬು ತಿಂದು ನನ್ನ ಕೋಟಿನ ಗುಂಡಿ ಹಾಕಲು ಬರದಂತಾಯಿತು. ಒಳ್ಳೆಯ ಹೆಂಗಸು. ಆಟದ ಗಂಧಗಾಳಿ ಮಾತ್ರ ಅವಳಿಗಿಲ್ಲ. ಎಲ್ಲರೂ ಎದ್ದರೆ ಏಳುತ್ತಾಳೆ, ಎಲ್ಲರೂ ಅತ್ತರೆ ಅಳುತ್ತಾಳೆ.

ಒಂಬತ್ತನೇ ವರ್ಷ ಕಾರ್ಡೆಲ್‌ನ ಮೊಣಕಾಲು ಮಳೆಗಿಂತ ಮೊದಲೇ ಹವಾಮಾನ ಹೇಳತೊಡಗಿತು. ಇದೇ ಕೊನೆ ಅಂತ ತಂಡಕ್ಕೂ ಹೇಳಿದ, ನನಗೂ ಹೇಳಿದ. “ಒಂದೇ ಒಂದು ತಂದ್ಕೊಡ್ತೀನಮ್ಮ, ಆಮೇಲೆ ಬಿಟ್ಬಿಡ್ತೀನಿ,” ಅಂದ. ನಾನು ಟೀವಿಯ ಮೇಲಿನ ಹಲಗೆಯಲ್ಲಿ ಪಿಂಗಾಣಿ ಗೊಂಬೆಗಳನ್ನೆಲ್ಲ ಒಂದು ಕಡೆಗೆ ಸರಿಸಿ ಜಾಗ ಮಾಡಿದೆ. ವಾರಕ್ಕೊಮ್ಮೆ ಆ ಖಾಲಿ ಜಾಗದ ಧೂಳು ಒರೆಸುತ್ತಿದ್ದೆ. ಅಲಬಾಮದಿಂದ ನನ್ನ ತಂಗಿ ಅರ್ಲೀನ್ ಪ್ರತಿ ಭಾನುವಾರ ಸಂಜೆ ಫೋನು ಮಾಡಿ, “ಬಂತೇನೇ ಅಕ್ಕಾ?” ಅನ್ನುವಳು. ಅವಳ ಮಗ ಕಾಲೇಜಿನಲ್ಲಿ ಎರಡು ಟಚ್‌ಡೌನ್ ಮಾಡಿದ್ದ, ಈಗ ಹಾಸಿಗೆ ಮಾರುತ್ತಾನೆ. ಆದರೂ ಎರಡು ಎರಡೇ ಅಲ್ಲವೇ.

ಹೀಗೆ ಸೊನ್ನೆಯಲ್ಲೇ ಕೊನೆಯ ಭಾನುವಾರ ಬಂತು. ಜನವರಿ. ಎದುರಾಳಿ ಒಮಾಹಾ. ಗೆದ್ದರೆ ಟೊಲೀಡೊ ಹನ್ನೊಂದು ವರ್ಷದ ಮೇಲೆ ನಾಕೌಟ್ ಸುತ್ತಿಗೆ ಹೋಗುತ್ತದೆ, ಸೋತರೆ ಎಲ್ಲರೂ ಮನೆಗೆ. ಬೆಳಿಗ್ಗೆ ಎಂಟಕ್ಕೇ ಕ್ರೀಡಾಂಗಣದ ಪಾರ್ಕಿಂಗ್ ಜಾಗದಲ್ಲಿ ಪಂದ್ಯದ ದಿನದ ವಾಡಿಕೆಯಂತೆ ಎಲ್ಲರ ಜತೆ ನಾವೂ ಒಲೆ ಹಚ್ಚಿದ್ದೆವು. ನಾನು ಪಕ್ಕೆಲುಬಿನ ಮಾಂಸ ಸುಡುತ್ತಿದ್ದೆ, ಡೊಲೊರೆಸ್ ಈರುಳ್ಳಿ ಬಾಡಿಸುತ್ತಿದ್ದಳು.

“ಇವತ್ತು ಬಂದೇ ಬರುತ್ತೆ ನೋಡೇ ವರ್ನೆಲ್,” ಅಂದಳು. “ಹುಡುಗ್ರೆಲ್ಲ ಮಾತಾಡ್ಕೊಂಡಿದಾರಂತೆ. ಗೆರೆ ಹತ್ರ ಹೋದ್ರೆ ಚೆಂಡು ಕಾರ್ಡೆಲ್‌ಗೇ ಅಂತೆ. ಸ್ಟಾನ್ ಹೇಳ್ದ.”

“ನಿನ್ನ ಸ್ಟಾನ್ ಯಾರ ಅಂಗೀನೂ ಹಿಡ್ಕೊಳ್ದೆ ಇದ್ರೆ ಬರುತ್ತೆ.”

“ಐದು ವರ್ಷ ಆಯ್ತಲ್ಲೇ! ಇನ್ನೂ ಬಿಡಲ್ವಾ?”

“ನಾನು ಸಾಯೋವಾಗ್ಲೂ ಅದನ್ನೇ ಹೇಳ್ಕೊಂಡು ಸಾಯ್ತೀನಿ. ಈರುಳ್ಳಿ ಸೀಯ್ತಿದೆ ನೋಡು.”

ಹುಡುಗರು ಮಾತು ಉಳಿಸಿಕೊಂಡರು. ಗೆರೆ ಹತ್ತಿರವಾದಾಗಲೆಲ್ಲ ಚೆಂಡು ಅವನ ಕಡೆಗೇ ಬಂತು. ಒಮ್ಮೆ ನಾಲ್ಕು ಗಜ ಇರುವಾಗ ಹೊರಕ್ಕೆ ತಳ್ಳಿದರು. ಇನ್ನೊಮ್ಮೆ ಗೆರೆಯ ಆಚೆಗೇ ಹಿಡಿದ, ಒಂದು ಪಾದ ಅಂಚಿನ ಸುಣ್ಣ ತುಳಿದಿತ್ತು, ಲೆಕ್ಕಕ್ಕಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ, ದೇವರು ಕ್ಷಮಿಸಲಿ, ಅವತ್ತು ಬೆಳಿಗ್ಗೆ ಚರ್ಚಿಗೂ ಹೋಗಿರಲಿಲ್ಲ.

ಆಟ ಮುಗಿಯಲು ಎರಡು ನಿಮಿಷವೂ ಇಲ್ಲ. ನಾವು ಇಪ್ಪತ್ತನಾಲ್ಕು, ಅವರು ಇಪ್ಪತ್ತಮೂರು. ಚೆಂಡು ನಮ್ಮ ಬಳಿ. ಒಮಾಹಾದವರು ಗಡಿಯಾರ ನಿಲ್ಲಿಸುವ ತಮ್ಮ ಕೊನೆಯ ಅವಕಾಶವನ್ನೂ ಆಗಷ್ಟೇ ಕಳೆದುಕೊಂಡಿದ್ದರು. ಇನ್ನು ಆರು ಗಜ ಮುಂದೆ ಹೋದರೆ ಚೆಂಡು ನಮ್ಮಲ್ಲೇ ಉಳಿಯುತ್ತದೆ, ಗಡಿಯಾರ ಓಡಿ ಓಡಿ ಆಟ ಮುಗಿಯುತ್ತದೆ. ಹೋಗದಿದ್ದರೆ ಚೆಂಡು ಅವರ ಕೈಗೆ. ಆರು ಗಜ ಬೇಕಾದರೆ ಯಾರನ್ನು ಕರೆಯುತ್ತಾರೆ? ಗೆದ್ದಲನ್ನೇ.

ಅವನು ಒಳಕ್ಕೆ ಓಡಿದ. ಚೆಂಡು ಬಂತು. ಒಮಾಹಾದ ಇಬ್ಬರು ಅದನ್ನು ಹೊಡೆದು ಬೀಳಿಸಲು ಒಟ್ಟಿಗೇ ಹಾರಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದರು. ಅವರ ಬೆರಳುಗಳ ಸಂದಿಯಿಂದ ಚೆಂಡನ್ನು ಕಿತ್ತುಕೊಂಡು ಕಾರ್ಡೆಲ್ ತಿರುಗಿದ. ಎದುರಿಗೆ ಮೂವತ್ತು ಗಜ ಬರೀ ಹುಲ್ಲು. ಒಂದು ನರಪಿಳ್ಳೆ ಇಲ್ಲ.

ಅರವತ್ತು ಸಾವಿರ ಜನ ಎದ್ದು ನಿಂತರು. “ಓಡು! ಓಡು!” ಡೊಲೊರೆಸ್ ನನ್ನ ತೋಳು ಹಿಡಿದು ಅಲ್ಲಾಡಿಸುತ್ತ, “ಬಂತಲ್ಲೇ! ಬಂತು!” ಅಂತ ಆಗಲೇ ಅಳುತ್ತಿದ್ದಳು. ನಾನೂ ಎದ್ದಿದ್ದೆ, ಎರಡೂ ಕೈ ಗೋಡೆಯ ಆಚೆಗೆ ಚಾಚಿದ್ದೆ. ಚೆಂಡು ಹಿಡಿಯಲು.

ಆಗ ಕಣ್ಣಿಗೆ ಬಿದ್ದದ್ದು ಒಂದು ಮಗ್ಗುಲಲ್ಲಿದ್ದ ಒಮಾಹಾದ ಮೂರನೆಯವನು. ಅವನು ಓಡಿ ಅಡ್ಡ ಬರಬಹುದಿತ್ತು. ಬರಲಿಲ್ಲ. ನಡಿಗೆ ನಿಧಾನ ಮಾಡಿ, ಕೈ ಇಳಿಬಿಟ್ಟು, ಬನ್ನಿ ಸ್ವಾಮಿ ಅನ್ನುವಂತೆ ಪಕ್ಕಕ್ಕೆ ಸರಿದ. ಒಂಬತ್ತು ವರ್ಷದಲ್ಲಿ ನನ್ನ ಮಗನಿಗೆ ಯಾರೂ ದಾರಿ ಬಿಟ್ಟವರಲ್ಲ. ಹಗೆ ಬಾಗಿಲು ತೆರೆದಿಟ್ಟರೆ ಒಳಗೆ ಏನೋ ಇದೆ ಅಂತಲೇ ಅರ್ಥ. ನಾನು ಗಡಿಯಾರ ನೋಡಿದೆ. ಒಂದು ನಿಮಿಷ ನಲವತ್ತು ಸೆಕೆಂಡು. ಎಲ್ಲ ಹೊಳೆಯಿತು. ಇವನು ಗೆರೆ ದಾಟಿದರೆ ನಮಗೆ ಏಳು ಅಂಕ, ಆದರೆ ಚೆಂಡು ಅವರಿಗೆ ಹೋಗುತ್ತದೆ, ಒಂದೂವರೆ ನಿಮಿಷದಲ್ಲಿ ಅವರು ಸರಿಗಟ್ಟಬಹುದು. ದಾಟದೆ ಈಚೆಗೇ ಬಿದ್ದುಬಿಟ್ಟರೆ ಚೆಂಡು ನಮ್ಮದೇ, ಅವರು ಮುಟ್ಟುವ ಮೊದಲೇ ಸಮಯ ಮುಗಿಯುತ್ತದೆ.

ಚಾಚಿದ ಕೈ ಚಾಚಿದ ಹಾಗೇ ಇತ್ತು. ಬಾಯಿ ಬೇರೇನೋ ಕೂಗುತ್ತಿತ್ತು.

“ಬೀಳೋ! ಬಿದ್ಬಿಡೋ ಮಗನೇ! ಬೀಳೋ!”

“ಹುಚ್ಚು ಹಿಡೀತೇನೇ ನಿಂಗೆ?” ಅಂತ ಡೊಲೊರೆಸ್ ಬಾಯಿ ಮುಚ್ಚಲು ಬಂದಳು. ಹಿಂದಿನ ಸಾಲಿನ ಗಂಡಸೊಬ್ಬ, “ಏನ್ ತಾಯಿ ರೀ ನೀವು!” ಅಂತ ಪಾಪ್‌ಕಾರ್ನ್ ಪೊಟ್ಟಣವನ್ನೇ ನನ್ನ ಬೆನ್ನಿಗೆ ಎಸೆದ. ನಾನು ಕೂಗುತ್ತಲೇ ಇದ್ದೆ. ಹತ್ತು ಗಜ. ಐದು. ಇನ್ನು ದಾಟಿಯೇಬಿಟ್ಟ ಅನ್ನುವಾಗ, ಗೆರೆಗೆ ಒಂದು ಗಜ ಇರುವಾಗ, ನನ್ನ ಮಗ ನಿಂತ. ಚರ್ಚಿನಲ್ಲಿ ಪ್ರಾರ್ಥನೆಗೆ ಕೂತ ಹಾಗೆ ಒಂದು ಮೊಣಕಾಲು ಊರಿ, ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಮಗ್ಗುಲಾದ. ದಾರಿ ಬಿಟ್ಟುಕೊಟ್ಟವನು ಹೆಲ್ಮೆಟ್ ಕಿತ್ತು ನೆಲಕ್ಕೆ ಅಪ್ಪಳಿಸಿದ.

ಇಡೀ ಕ್ರೀಡಾಂಗಣ ಅಯ್ಯೋ ಅಂತು. ಆಮೇಲೆ ಒಬ್ಬೊಬ್ಬರಿಗೇ ಅರ್ಥವಾಗುತ್ತ ಹೋಗಿ ಚಪ್ಪಾಳೆ ಶುರುವಾಯಿತು. ಡೊಲೊರೆಸ್‌ಗೆ ಕೊನೆಗೂ ಅರ್ಥವಾಗಲಿಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಸಮಯ ಕಳೆಯಲೆಂದೇ ಮೂರು ಸಲ ಸುಮ್ಮನೆ ಮಂಡಿಯೂರಿದ, ಗಡಿಯಾರ ಸೊನ್ನೆಗೆ ಬಂತು, ನಾವು ಗೆದ್ದೆವು.

ಮುಂದಿನದ್ದನ್ನೂ ಈಗಲೇ ಹೇಳಿಬಿಡುತ್ತೇನೆ, ಯಾರೂ ಆಸೆ ಇಟ್ಟುಕೊಂಡು ಕೂರುವುದು ಬೇಡ. ಮರುವಾರದ ಪಂದ್ಯದಲ್ಲಿ ನಮ್ಮವರು ಇಪ್ಪತ್ತು ಅಂಕಗಳಿಂದ ಏಟು ತಿಂದು ಬಂದರು. ಕಾರ್ಡೆಲ್ ಮೂರು ಚೆಂಡು ಹಿಡಿದ, ಯಾವುದೂ ಗೆರೆಯ ಹತ್ತಿರಕ್ಕೂ ಹೋಗಲಿಲ್ಲ. ಈಗ ಅವನು ಕ್ಯಾಮ್‌ಡೆನ್ನಿನ ಹೈಸ್ಕೂಲಿನಲ್ಲಿ ಕೋಚು. ಹುಡುಗರಿಂದ ಆಲೂಗಡ್ಡೆ ಸುಲಿಸುತ್ತಾನೆ ಅಂತ ದೂರು ಬಂದಿದೆ.

ಆದರೆ ಅವತ್ತು ಟೊಲೀಡೊದಲ್ಲಿ ಆಟ ಮುಗಿದ ಮೇಲೆ, ಎಲ್ಲರೂ ಅವನನ್ನು ತಬ್ಬಿ, ಬೆನ್ನು ಗುದ್ದಿ, ಎತ್ತಿ ಕುಣಿಸಿ ಬಿಟ್ಟ ಮೇಲೆ, ಅವನು ನಮ್ಮ ಸಾಲಿಗೆ ಬಂದ. ಓಡಿ ಬರಲಿಲ್ಲ. ಚಿಕ್ಕಂದಿನಲ್ಲಿ ಕಿಟಕಿಯ ಗಾಜು ಒಡೆದ ದಿನ ಅಡುಗೆಮನೆಗೆ ಬರುತ್ತಿದ್ದ ಹಾಗೆ ಬಂದ. ಮೂವತ್ತೊಂದು ವರ್ಷದ ಗಂಡಸು, ಗಡ್ಡದ ತುಂಬ ಹುಲ್ಲು. ಖಾಲಿ ಕೈ ಗೋಡೆಯ ಮೇಲಿಟ್ಟ.

“ಅಮ್ಮಾ,” ಅಂದ. “ಒಂದೇ ಗಜ ಇತ್ತು.”

“ನಂಗೂ ಕಣ್ಣಿದೆ ಕಣೋ.”

“ನೀನು ಕೈ ಚಾಚಿದ್ದು ಕಾಣಿಸ್ತು. ಏಳು ವರ್ಷ ಈ ಚಳೀಲಿ ಕೂತಿದೀಯ. ಕಾಲು ನಿಲ್ಲೋಲ್ಲ ಅಂತಿತ್ತು. ಅಮ್ಮಂಗೆ ಏನಂತ ಹೇಳ್ಲಿ ಅನ್ಕೋತಾನೇ ಮಂಡಿ ಊರ್ದೆ.”

ನಾನು ಬಾಯಿ ತೆರೆಯುವ ಮೊದಲೇ ಡೊಲೊರೆಸ್ ನುಗ್ಗಿದಳು. “ನಿಮ್ಮಮ್ಮ ಏನು ಕೂಗ್ತಿದ್ಲು ಕೇಳಪ್ಪ ಮೊದ್ಲು! ಬೀಳೋ ಬೀಳೋ ಅಂತ! ಜನ ಪಾಪ್‌ಕಾರ್ನ್ ಎಸೆದ್ರು. ಈಗ್ಲೂ ಬೆನ್ನ ಮೇಲಿದೆ ನೋಡು!”

ಅವನು ನನ್ನ ಮುಖ ನೋಡಿದ. “ನಿಜಾನಾ?”

“ಆ ಗದ್ದಲದಲ್ಲಿ ನಿಂಗೆಲ್ಲಿ ಕೇಳುತ್ತೆ.”

“ನೀನು ಬೀಳು ಅಂದ್ಯಾ?”

“ನೀನು ಹತ್ತು ಗಜದಲ್ಲಿದ್ದಾಗ್ಲೇ ಅಂದೆ. ಅಷ್ಟು ತಡ ಮಾಡೋದಾ? ಎದೆ ಬಾಯಿಗೆ ಬಂದಿತ್ತು.”

ಅವನು ನಗಲು ಶುರು ಮಾಡಿದ. ನಗುತ್ತ ನಗುತ್ತ ಹಣೆಯನ್ನು ಗೋಡೆಗೆ ಆನಿಸಿದ, ಹೆಗಲು ಅಲ್ಲಾಡುತ್ತಿತ್ತು. ಅದು ಬರೀ ನಗು ಅಲ್ಲವೆಂದು ನನಗೆ ಗೊತ್ತಾಯಿತು. ನನ್ನ ಕಣ್ಣಲ್ಲೂ ನೀರು ಬಂತು, ಚಳಿಗೆ ರೆಪ್ಪೆಯ ಮೇಲೇ ಹೆಪ್ಪುಗಟ್ಟಿತು. ನಾನು ಬಗ್ಗಿ ಅವನ ಗಡ್ಡದಿಂದ ಹುಲ್ಲು ತೆಗೆಯುತ್ತ ನಿಂತೆ. ಅಷ್ಟು ಹೆಮ್ಮೆ ನನಗೆ ಜನ್ಮದಲ್ಲಿ ಯಾವತ್ತೂ ಆಗಿರಲಿಲ್ಲ.

“ಒಂದ್ ಚೂರೂ ಬೇಜಾರಿಲ್ವಾ ಅಮ್ಮಾ?” ಅಂತ ತಲೆ ಎತ್ತದೆಯೇ ಕೇಳಿದ.

“ಇಲ್ದೆ ಏನು? ತುಂಬಾ ಬೇಜಾರಿದೆ. ನಂಗೆ ಆ ಚೆಂಡು ಬೇಕಿತ್ತು ಕಣೋ,” ಅಂದೆ. “ಆದ್ರೆ ನೀನು ಗೆರೆ ದಾಟಿ ತಂದ್ಕೊಟ್ಟಿದ್ರೆ ಅದನ್ನ ನಿನ್ ಮುಖಕ್ಕೇ ಎಸೀತಿದ್ದೆ.”