ಬುತ್ತಿ ಪೆಟ್ಟಿಗೆಯ ಬೀಗ

"ಕಸ ಗುಡಿಸೋ ಮುಂಡೆಗೆ ಬಂಕರ್ ನಿಲ್ಸು ಅನ್ನೋವಷ್ಟು ಕೊಬ್ಬಾ? ನಿಲ್ಸಿದ್ರೆ ಊರೂರೇ ಕತ್ತಲಾಗುತ್ತೆ, ಗೊತ್ತಾ?"

ಇಂಜಿನಿಯರ್ ಬೈಯುತ್ತಲೇ ಇದ್ದ. ಅಕ್ಕ ಪೊರಕೆ ಹಿಡಿದು ನಿಂತೇ ಇದ್ದಳು. ಬೆಲ್ಟಿನಿಂದ ಚೆಲ್ಲಿದ ಕಲ್ಲಿದ್ದಲು ಗುಡಿಸುವುದು ಅವಳ ಕೆಲಸ. ವಿದ್ಯುತ್ ಸ್ಥಾವರದ ಕೂಲಿಗಳಿಗೆಲ್ಲ ಅವಳು ಅಕ್ಕನೇ. ಒಡಹುಟ್ಟಿದವನು ಮಾತ್ರ ಒಬ್ಬ, ಏಣಿ. ಆಳೆತ್ತರಕ್ಕೂ ಮೇಲೆ ಬೆಳೆದಿದ್ದಕ್ಕೆ ಜೊತೆಗಾರರು ಇಟ್ಟ ಹೆಸರು. ದಿನಾ ಮನೆ ಬಾಗಿಲಿಗೆ ಹಣೆ ತಾಗಿಸಿಕೊಂಡು, "ಈ ಬಾಗ್ಲು ನಮ್ ಮೇಸ್ತ್ರಿ ತರಾನೇ ಕಣಕ್ಕಾ, ಬಗ್ಗಿದ್ರೇನೇ ಒಳಗ್ ಬಿಡೋದು" ಎಂದು ನಗಿಸುತ್ತಿದ್ದ.

"ನನ್ ತಮ್ಮ ಒಳಗಿದಾನೆ ಸಾಹೇಬ್ರೇ."

ಬಂಕರ್ ಎಂದರೆ ಮೂರಂತಸ್ತಿನ ಕಬ್ಬಿಣದ ಬಾವಿ. ಮೇಲಿನಿಂದ ಬೆಲ್ಟು ಸುರಿದ ಕಲ್ಲಿದ್ದಲು ಕೆಳಗಿನ ಬಾಯಿಂದ ಬೀಸುವ ಯಂತ್ರಕ್ಕಿಳಿದು, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಾಗಿ ಕುಲುಮೆಗೆ ಹಾರಿ ಉರಿಯುತ್ತದೆ. ಆ ಉರಿಗೆ ಕೊಳವೆಗಳ ನೀರು ಹಬೆಯಾಗುತ್ತದೆ, ಹಬೆ ಚಕ್ರ ತಿರುಗಿಸುತ್ತದೆ, ಚಕ್ರ ಕರೆಂಟು ಹುಟ್ಟಿಸುತ್ತದೆ, ಎಲ್ಲೋ ಯಾರದೋ ಕೋಣೆ ತಣ್ಣಗಾಗುತ್ತದೆ. ಮಳೆಗೆ ನೆಂದ ಕಲ್ಲಿದ್ದಲು ಬಂಕರಿನ ಗೋಡೆ ಕಚ್ಚಿಕೊಂಡಾಗ ಮಾತ್ರ ಈ ಇಡೀ ಯಂತ್ರಕ್ಕೆ ಹಾರೆ ಹಿಡಿದ ಮನುಷ್ಯ ಬೇಕು.

ಬೆಳಿಗ್ಗೆ ಏಣಿ ಇನ್ನೂ ಮೂವರ ಜೊತೆ ಇಳಿದಿದ್ದ.

ಇಳಿಯುವ ಮುಂಚೆ ಕೆಳಗಿನ ಬಾಯಿಯ ಸ್ವಿಚ್ ಆರಿಸಿ, ಮತ್ತೆ ಯಾರೂ ಹಾಕದಂತೆ ಅದರ ಹಿಡಿಗೆ ಬೀಗ ಜಡಿಯಬೇಕು. ಒಳಗೆ ಎಷ್ಟು ಜನವೋ ಅಷ್ಟು ಬೀಗ. ಹಾಕಿದವನೇ ತೆಗೆಯಬೇಕು, ಬೇರೆಯವರು ಮುಟ್ಟುವಂತಿಲ್ಲ. ಅದು ಖಾಯಂ ನೌಕರರ ಮಾತಾಯಿತು. ಗುತ್ತಿಗೆಯವರಿಗೆ ಗುಂಪಿಗೆಲ್ಲ ಒಂದೇ ಬೀಗ, ಕೀಲಿ ಮೇಸ್ತ್ರಿಯ ಸೊಂಟದಲ್ಲಿ. ಕರೆಂಟು ಸಾಲುತ್ತಿಲ್ಲವೆಂದು ಫೋನು ಬಂತು. ಮೂವರು ಹತ್ತಿ ಬಂದದ್ದನ್ನು ನೋಡಿದ ಮೇಸ್ತ್ರಿ ತಲೆ ಎಣಿಸದೆ ಬೀಗ ತೆಗೆದು ಸ್ವಿಚ್ ಹಾಕಿಬಿಟ್ಟ.

"ಯಾರೂ ಇಲ್ಲ ಸಾರ್," ಎಂದ ಮೇಸ್ತ್ರಿ ನೆಲ ನೋಡುತ್ತ. "ಬೀಡಿ ಸೇದೋಕೆ ಹೋಗಿರ್ತಾನೆ."

"ಚಪ್ಲಿ ಅಲ್ಲೇ ಬಂಕರ್ ಬಾಯಿ ಹತ್ರ ಬಿದ್ದಿದೆಯಲ್ಲೋ ಬೋಳಿಮಗನೆ! ಬರಿಗಾಲಲ್ಲಿ ಹೋದ್ನಾ ಬೀಡಿಗೆ?" ಅಕ್ಕ ಮೇಸ್ತ್ರಿಯತ್ತ ತಿರುಗಿದಳು.

ಚಪ್ಪಲಿ ಜಾರುತ್ತದೆಂದು ಬಿಟ್ಟು ಇಳಿಯುತ್ತಿದ್ದರು. ಬೂಟು ಖಾಯಂನವರಿಗೆ.

ಇಂಜಿನಿಯರ್ ಗಡಿಯಾರ ನೋಡಿಕೊಂಡ. "ಅರ್ಧ ಗಂಟೆ ಆಯ್ತಲ್ಲಮ್ಮ. ಇದ್ರೂ ಈಗೇನ್ ಮಾಡಕ್ಕಾಗುತ್ತೆ? ಕರೆಂಟಿನ ಲೋಡ್ ಇಳಿದ್ಮೇಲೆ ನೋಡೋಣ, ಹೋಗು."

"ಅಷ್ಟೊತ್ತಿಗೆ ನೋಡೋಕೆ ಏನ್ ಉಳಿದಿರುತ್ತೆ? ಆ ಒಲೆ ಬೂದೀಲಿ ನನ್ ತಮ್ಮ ಯಾವ್ದು ಅಂತ ಆರಿಸ್ಲಿ ಸ್ವಾಮಿ?"



ಅಕ್ಕ ಪೊರಕೆ ಗೋಡೆಗೊರಗಿಸಿ ಮೆಟ್ಟಿಲಿಳಿದಳು. ಕೆಳಗೆ, ಮೆಟ್ಟಿಲಡಿಯಲ್ಲಿ, ಅಕ್ಕ ತಮ್ಮ ಬುತ್ತಿ ಇಡುವ ತಗಡಿನ ಪೆಟ್ಟಿಗೆ. ಸೆರಗಿನ ಗಂಟು ಬಿಚ್ಚಿ ಕೀಲಿ ತೆಗೆದು ಬೀಗ ಕಳಚಿದಳು. ಡಬ್ಬಿಗಳೆರಡೂ ಮುಚ್ಚಿದ ಹಾಗೇ ಇದ್ದವು. ಅವನದರ ಮೇಲೆ ಕೈಯಿಟ್ಟಳು. ಇನ್ನೂ ಬೆಚ್ಚಗಿತ್ತು.

ಬೀಗ ಹಿಡಿದು ಬಂಕರಿನ ಕೆಳಬಾಯಿಗೆ ಹೋಗಿ ಸ್ವಿಚ್ಚಿನ ಹಿಡಿ ಎಳೆದಳು. ಬೀಸುವ ಸದ್ದು ನಿಂತಿತು. ಹಿಡಿಯ ತೂತಿಗೆ ತನ್ನ ಬೀಗ ಜಡಿದು, ಕೀಲಿಯನ್ನು ಬೂದಿನೀರಿನ ಕಾಲುವೆಗೆ ಎಸೆದಳು.

ಇಂಜಿನಿಯರ್ ಏದುಸಿರು ಬಿಡುತ್ತ ಓಡಿಬಂದ. "ಒಡಿಯೋ ಅದನ್ನ!"

ಖಾಯಂನವನಾದ ಮುದುಕ ಫಿಟ್ಟರ್ ಸುತ್ತಿಗೆ ಎತ್ತಿದವನು ಬೀಗ ನೋಡಿ ಇಳಿಸಿದ. "ಹಾಕಿದೋರೇ ತೆಗೀಬೇಕು ಸಾರ್. ಹಾಗಂತ ನೀವೇ ನಮ್ ಕೈಲಿ ಸಹಿ ಹಾಕಿಸ್ಕೊಂಡಿದೀರಿ."

"ಅವ್ಳು ಗುತ್ತಿಗೆಯೋಳು ಕಣೋ!"

"ಬೀಗ ಬೀಗಾನೇ ಅಲ್ವಾ ಸಾರ್."

ಫಿಟ್ಟರ್ ಸಲಿಕೆ ಹಿಡಿದು ಮೆಟ್ಟಿಲು ಹತ್ತಿದ. ಏಣಿಯ ಜೊತೆ ಇಳಿದಿದ್ದ ಮೂವರೂ ಹಗ್ಗ ಹೊತ್ತು ಹಿಂದೆಯೇ ಹೋದರು. ಮೇಸ್ತ್ರಿ ಸೊಂಟದ ಕೀಲಿಗೊಂಚಲು ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದ. ಎಲ್ಲೋ ಫೋನು ಬಡಿದುಕೊಳ್ಳತೊಡಗಿತು.

ಅಕ್ಕ ಬಂಕರಿನ ತಣ್ಣನೆಯ ಕಬ್ಬಿಣಕ್ಕೆ ಕಿವಿಯಿಟ್ಟಳು. ಬೆಳಗಾಗೆದ್ದು ಅವನನ್ನು ಎಬ್ಬಿಸಲು ಬಾಗಿಲು ತಟ್ಟುವಂತೆ ಮೂರು ಸಲ ತಟ್ಟಿದಳು.

"ಏಳೋ," ಎಂದಳು. "ಹೊತ್ತಾಯ್ತು."

ಒಳಗೆ ಕಲ್ಲಿದ್ದಲು ಒಮ್ಮೆ ಸರ್ರನೆ ಜಾರಿ ಸುಮ್ಮನಾಯಿತು. ಅವಳು ಮತ್ತೆ ಮೂರು ಸಲ ತಟ್ಟಿದಳು.