ಚಂದ್ರಮತಿಯಕ್ಕನ ಪಾಲು

ನಮ್ಮವರಿಗೆ ಓದುವ ಹುಚ್ಚು. ಕೆಲಸ ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ, ಮನಸ್ಸು ಮಾತ್ರ ಯಾವುದೋ ದೇಶದ ರಾಜನ ವಿಚಾರಣೆಯಲ್ಲಿ. ಚರಿತ್ರೆ, ಕಾನೂನು, ರಾಜ್ಯ ಹೇಗಿರಬೇಕೆಂಬ ತತ್ವಶಾಸ್ತ್ರ ಎಂದು ದಪ್ಪ ದಪ್ಪ ಪುಸ್ತಕ ತರುತ್ತಾರೆ. ಪರೀಕ್ಷೆಯಿಲ್ಲ, ಪದವಿಯಿಲ್ಲ, ಓದು ಎಂದವರೂ ಇಲ್ಲ. ನಾನು ಮೀನು ಕೊಯ್ಯುವಾಗ ಎದುರು ಕೂತು ಓದಿ ಹೇಳುತ್ತಾರೆ. ಹಾಗಾಗಿ ಹಿಂದೆ ಗ್ರೀಸಿನಲ್ಲಿ ಚೀಟಿ ಎತ್ತಿ ಅಧಿಕಾರಿಗಳನ್ನು ಆರಿಸುತ್ತಿದ್ದರು ಎಂಬುದು ನಮ್ಮೂರು ಬೀಜಾಡಿಯಲ್ಲಿ ನನಗೂ ನಮ್ಮನೆ ಬೆಕ್ಕಿಗೂ ಗೊತ್ತು. ಊರವರು ಅವರಿಗೆ ಜಡ್ಜ್ ಜಿತೇಂದ್ರ ಎಂದು ಹೆಸರಿಟ್ಟಿದ್ದಾರೆ. ನಾನು ಬೇಕಾದರೆ ಬಯ್ಯುತ್ತೇನೆ, ಊರವರು ನಕ್ಕರೆ ಮೈ ಉರಿಯುತ್ತದೆ.

ನಮ್ಮ ಕಡಲತಡಿಯಲ್ಲಿ ಕೈರಂಪಣಿ ಇದೆ. ದೋಣಿಯಲ್ಲಿ ಹೋಗಿ ಬಲೆ ಬಿಟ್ಟು ಬಂದು, ದಡದಲ್ಲಿ ನಿಂತು ಎರಡೂ ಕಡೆಯಿಂದ ಹಗ್ಗ ಎಳೆಯುವುದು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು, ಅದು ಅಜ್ಜನ ಕಾಲದ ಪದ್ಧತಿ. ನಮ್ಮ ಪಕ್ಕದ ಮನೆಯ ಚಂದ್ರಮತಿಯಕ್ಕ ಗಂಡ ಹೋದ ಮೇಲೆ ಗಂಡಸರ ಸಾಲಿನಲ್ಲೇ ನಿಂತು ಎಳೆದವರು. ಈ ಸಲ ಮಳೆಗಾಲ ಮುಗಿದು ಬಲೆ ಇಳಿಯುವಷ್ಟರಲ್ಲಿ ಅವರ ಮೊಣಕಾಲು ಕೈಕೊಟ್ಟಿತು.

"ಎಳ್ಯದ್ದರಿಗೆ ಎಂತ ಪಾಲ್? ಬೇಕಾರೆ ಸುಮ್ನೆ ನಾಕ್ ಮೀನ್ ಕೊಡುವ," ಎಂದ ಅನೂಪ. ತಂಡದಲ್ಲಿ ಅವನದೇ ದೊಡ್ಡ ಗಂಟಲು.

ಮೀನು ಅಕ್ಕನ ಮನೆಗೆ ಬಂತು. ಅಕ್ಕ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ.

"ನಂಗ್ ಧರ್ಮದ್ ಮೀನ್ ಬ್ಯಾಡ," ಎಂದು ತಿರುಗಿ ಕಳಿಸಿದರು. ಅಂದು ಅವರು ಬರೀ ಗಂಜಿ ಉಂಡರು.

ನಮ್ಮವರಿಗೆ ತಡೆಯಲಾಗಲಿಲ್ಲ. ಕಾನೂನಿನ ಪುಸ್ತಕ ತಿರುವಿ ಹಾಕಿ, ಅಕ್ಕನ ಹತ್ತಿರ ಹೋದರು. "ಕೈ ಹಾಕ್ದರಿಗೆ ಪಾಲ್ ಅಂದೇಳಿ ಪದ್ಧತಿ. ಎಷ್ಟ್ ಹೊತ್ತ್ ಅಂದೇಳಿ ಯಾರೂ ಹೇಳ್ಲಿಲ್ಲೆ. ನೀವ್ ಬಂದ್ ಮುಟ್ಟಿ, ಸಾಕ್."

ಮುಂದಿನ ಸಲ ಬಲೆ ಎಳೆಯುವಾಗ ಅಕ್ಕ ಕೋಲೂರಿ ಬಂದು ಹಗ್ಗ ಮುಟ್ಟಿದರು. ಇಡೀ ಸಾಲು ಗೊಳ್ಳೆಂದು ನಕ್ಕಿತು. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಮನೆಗೆ ಹೋದರು.

"ಓದಿದ್ದೆಲ್ಲ ಇದ್ಕಾ? ಅವ್ರ್ ಮರ್ಯಾದಿ ತೆಗ್ದ್ರಿ," ಎಂದು ನಾನು ರೇಗಿದೆ.

"ಹೌದ್ ಶ್ರೀಲತಾ, ತಪ್ಪಾಯ್ತ್," ಎಂದರು. ವಾದಿಸದೆ ಒಪ್ಪಿಕೊಂಡದ್ದು ನೋಡಿ ನನಗೇ ಪಾಪ ಎನಿಸಿತು. ಮತ್ತೆ ಪುಸ್ತಕದ ರಾಶಿಯಲ್ಲಿ ಕೂತರು, ಈ ಸಲ ಬೇರೆ ಪುಸ್ತಕ. ತಾನು ಬಡವನೋ ಶ್ರೀಮಂತನೋ, ಗಟ್ಟಿಯೋ ರೋಗಿಯೋ ಎಂದು ಗೊತ್ತಾಗುವ ಮೊದಲೇ ನಿಯಮ ಮಾಡಿದರೆ ಅದು ನ್ಯಾಯದ ನಿಯಮ ಎಂದು ಯಾರೋ ಬರೆದಿದ್ದಾರಂತೆ. ಹಿಂದೊಮ್ಮೆ ಇದನ್ನು ಓದಿ ಹೇಳಿದಾಗ ನಾನು, ಆ ಉಪ್ಪಿನ ಡಬ್ಬಿ ಕೊಡಿ ಎಂದಿದ್ದೆ.

ಆದಿತ್ಯವಾರ ಬಲೆ ಇಡುವ ಚಪ್ಪರದಲ್ಲಿ ತಂಡದವರೆಲ್ಲ ಸೇರಿದ್ದರು. ನಮ್ಮವರು ನನ್ನ ಉಪ್ಪಿನಕಾಯಿ ಭರಣಿ ತೊಳೆದು, ಚೀಟಿ ತುಂಬಿಸಿ ತಂದು ನಡುವೆ ಇಟ್ಟರು.

"ಒಂದ್ ಚೀಟಿಯೊಳ್ಗೆ 'ಮೊಣಗಂಟ್ ಹೋಯ್ತ್' ಅಂದೇಳಿ ಬರ್ದಿತ್ತ್. ಉಳ್ದದ್ದ್ ಖಾಲಿ. ಅದ್ ಸಿಕ್ಕಿದರ್ ಇನ್ ಹಗ್ಗ ಮುಟ್ಟುಕಿಲ್ಲೆ. ಎಲ್ಲರೂ ಒಂದೊಂದ್ ತೆಗಿನಿ. ಆದ್ರೆ ಮೊದ್ಲ್ ಹೇಳಿ, ಅಂಥರಿಗೆ ಪಾಲ್ ಇತ್ತಾ, ಇಲ್ಯಾ?"

"ಮೊದ್ಲ್ ಚೀಟಿ ತೆಗಿತೆ, ಮತ್ ಹೇಳ್ತೆ," ಎಂದ ಅನೂಪ.

"ಹಾಂಗ್ ಆತಿಲ್ಲೆ. ತೆಗ್ದ್ ಮೇಲೆ ಎಲ್ಲರಿಗೂ ಅವರವರಿಗೆ ಲಾಭ ಆಪ್ ನಿಯಮವೇ ಸರಿ ಅಂದೇಳಿ ಕಾಂತ್."

ಅನೂಪನ ಕೈ ಭರಣಿಯ ಬಾಯಿಯವರೆಗೆ ಹೋಗಿ ಹಿಂದೆ ಬಂತು. ಯಾರೂ ನಗಲಿಲ್ಲ. ಒಬ್ಬ ಸುಮ್ಮನೆ ತನ್ನ ಮೊಣಕಾಲು ಉಜ್ಜಿಕೊಂಡ. ತಂಡದ ಹಿರಿಯ ಐತಣ್ಣ ಭರಣಿಯ ಮುಚ್ಚಳ ಹಾಕಿಬಿಟ್ಟರು.

"ತ್ರಾಣ ಇಪ್ಪಷ್ಟ್ ದಿನ ಎಳ್ದರಿಗೆ ಮುಂದೂ ಪಾಲ್ ಇತ್ತ್. ಅರ್ಧ ಅಲ್ಲ, ಇಡೀ," ಎಂದರು. ಅನೂಪನೂ ತಲೆಯಾಡಿಸಿದ.

ನನ್ನ ಗಂಡನ ಬಗ್ಗೆ ನನಗೆ ಅಷ್ಟು ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ. ಎಲ್ಲೋ ಯಾರೋ ಕೂತು ಯೋಚಿಸಿದ್ದು, ಇವರು ಯಾರೂ ಹೇಳದೆ ಓದಿದ್ದು, ನಮ್ಮ ಮರಳಿನ ಮೇಲೆ ಕೆಲಸಕ್ಕೆ ಬಂತಲ್ಲ.

ಮರುದಿನ ಬೆಳಿಗ್ಗೆ ಬಲೆ ತುಂಬಿ ಬಂತು. ದಡದಲ್ಲಿ ಕೂತಿದ್ದ ಚಂದ್ರಮತಿಯಕ್ಕನ ಮುಂದೆ ಐತಣ್ಣ ಅವರ ಪಾಲು ಸುರಿದರು. ಅಕ್ಕ ಒಂದೊಂದೇ ಮೀನು ಮಗುಚಿ ನೋಡಿದರು.

"ಹ್ವಾಯ್ ಐತ, ಇದೆಂತ? ಅನೂಪನ್ ಪಾಲಿಗೆ ದೊಡ್ಡ್ ಬಂಗ್ಡಿ, ನನ್ ಪಾಲಿಗೆ ಪುಡಿ?"

ಐತಣ್ಣ ಗೊಣಗುತ್ತ ಮೀನು ಬದಲಿಸಿದರು. ಅಕ್ಕ ಮತ್ತೂ ಒಂದನ್ನು ಎತ್ತಿ ತೋರಿಸಿದರು. ನಮ್ಮವರು ಬುತ್ತಿಚೀಲ ಹಿಡಿದು ಆ ಜಗಳ ಕೇಳುತ್ತ ನಿಂತುಬಿಟ್ಟರು. ಕೆಲಸಕ್ಕೆ ಹೋಗುವ ಬಸ್ಸು ಹೋದದ್ದೂ ಅವರಿಗೆ ಗೊತ್ತಾಗಲಿಲ್ಲ.