ಟ್ಯಾಂಕಿಗೆ ಮೆತ್ತಿದ ಮಣ್ಣು

ಬೆಳಗಿನಿಂದ ಹಲ್ಲಿನವನು ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಕಿಟಕಿಗೆ ಹೋಗಿ ಬೀದಿ ನೋಡುವುದು, ಮೇಜಿಗೆ ಬಂದು ಟ್ಯಾಂಕು ನೋಡುವುದು, ಮತ್ತೆ ಕಿಟಕಿ. ಹಲ್ಲಿನವನು ಅಂದರೆ ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಅಳತೆ ಕಳಿಸಿದರೆ ಕಟ್ಟು ಹಲ್ಲಿನ ಸೆಟ್ ಮಾಡಿಕೊಡುವವನು. ಊರಿನ ಅರ್ಧ ಮುದುಕರು ಬಾಯ್ತುಂಬ ನಗುವುದು ಇವನ ದಯೆಯಿಂದಲೇ. ಆದರೆ ಮದುವೆಯಾದಾಗಿನಿಂದ ಒಬ್ಬರನ್ನು ಮಾತ್ರ ನಗಿಸಲು ಆಗಿರಲಿಲ್ಲ. ಅವರು ಅವನ ಮಾವ, ಇವತ್ತು ಊಟಕ್ಕೆ ಬರುವವರಿದ್ದರು.

ಮಗಳು ತಮ್ಮನ್ನು ಒಂದು ಮಾತೂ ಕೇಳದೆ ಮದುವೆಯಾದಳೆಂಬ ಸಿಟ್ಟು ಮಾವನಿಗೆ. ಅಪರೂಪಕ್ಕೆ ಬರುವರು, ಊಟ ಮಾಡುವರು, ನಾಲ್ಕು ಗಂಟೆ ಬಸ್ಸಿಗೆ ಹೊರಟುಬಿಡುವರು. ಒಂದು ರಾತ್ರಿಯೂ ಮಗಳ ಮನೆಯಲ್ಲಿ ಮಲಗಿದವರಲ್ಲ. ಅಳಿಯನ ಜೊತೆ ನೇರ ಮಾತಂತೂ ಇಲ್ಲವೇ ಇಲ್ಲ. ಎದುರಿಗೇ ಕೂತಿದ್ದರೂ, "ನಿನ್ನ ಗಂಡನಿಗೆ ಫ್ಯಾನ್ ಹಾಕೋಕೆ ಹೇಳು" ಅನ್ನುವರು. ಅಪ್ಪ ಹೋದ ಮೇಲೆ ಹೆಂಡತಿ, ಆಸೆಯಿಂದ ತೆಗೆದಿಟ್ಟಿದ್ದ ಹಾಸಿಗೆಯನ್ನು ಬಿಚ್ಚದೆ ಹಾಗೇ ಕಪಾಟಿಗೆ ತುರುಕುವಳು.

ಮಾವ ಸೈನ್ಯದಲ್ಲಿ ಟ್ಯಾಂಕು ಓಡಿಸಿದವರು. ಮೇಜಿನ ಮೇಲಿದ್ದದ್ದು ಅದೇ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ, ನಿಜದ್ದರ ಹದಿನಾರನೇ ಒಂದು ಪಾಲು, ಒಂದು ಮೊಳಕ್ಕೂ ಮಿಕ್ಕಿದ ಉದ್ದ. ಇದನ್ನು ಕಂಡಾದರೂ ಮುದುಕರು ಒಂದು ರಾತ್ರಿ ನಿಂತಾರು ಎಂದು ಹಲ್ಲಿನವನು ಹಟ ಹಿಡಿದು ಕೂತ. ನೂರಾರು ಬಿಡಿಭಾಗ ಕತ್ತರಿಸಿ, ಉಜ್ಜಿ, ಅಂಟಿಸಿದ. ಗಾಳಿಯಲ್ಲಿ ಬಣ್ಣ ಚಿಮ್ಮಿಸುವ ಏರ್‌ಬ್ರಷ್ ಹಿಡಿದು ಹಸಿರನ್ನು ಮಂಜು ಕವಿದಷ್ಟು ತೆಳ್ಳಗೆ, ಪದರದ ಮೇಲೆ ಪದರ ಹೊಡೆದ. ಅದಕ್ಕೆ ಗಾಳಿ ತುಂಬುವ ಕಂಪ್ರೆಸರಿನ ಗುರ್ರೆನ್ನುವ ಸದ್ದು ಕೇಳೀ ಕೇಳೀ ಹೆಂಡತಿ, "ರೀ, ಅದರ ಜೊತೇನೇ ಸಂಸಾರ ಮಾಡಿ, ನಾನು ಬೇರೆ ಮನೆ ನೋಡ್ಕೊಳ್ತೀನಿ" ಎಂದಿದ್ದಳು.

ಆತುರಗಾರನಿಗೆ ಬುದ್ಧಿ ಮಟ್ಟ. ಅಂಟು ಒಣಗುವ ಮೊದಲೇ ಒತ್ತಿ ಹಿಡಿದಿದ್ದ ಕ್ಲಿಪ್ಪು ಬಿಚ್ಚಿದ್ದನಲ್ಲ, ಹಿಂಬದಿಯಲ್ಲಿ ಮೇಲಿನ ಭಾಗ ಕೆಳಗಿನದರಿಂದ ಎದ್ದು, ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ಕಂಡಿದ್ದು ಬಣ್ಣವೆಲ್ಲ ಮುಗಿದ ಮೇಲೆ. ಹಲ್ಲಿನ ಸೆಟ್ಟಿನಲ್ಲಿ ಕೂದಲೆಳೆಯಷ್ಟು ಸಂದನ್ನೂ ಬಿಡದವನು ಇಲ್ಲಿ ಏನು ಮಾಡಿದ? ಮಣ್ಣು ಮೆತ್ತಿದ! ಬಣ್ಣದ ಪುಡಿ, ಸುಣ್ಣದ ಪುಡಿ, ನೀರು ಕಲಸಿ ಹಿಂದೆ ಹಚ್ಚಿದ. ಹಿಂದೆ ಮಾತ್ರ ಇದ್ದರೆ ಅನುಮಾನ ಬಂದೀತೆಂದು ಪಕ್ಕಕ್ಕೂ ಮುಂದಕ್ಕೂ ಹಚ್ಚಿದ. ಯುದ್ಧದಿಂದ ಈಗ ತಾನೇ ಬಂದಂತೆ ಕಾಣುತ್ತಿತ್ತು. ಮಣ್ಣು ಗಟ್ಟಿಯಾಗಿ ನಿಲ್ಲಲು ಮೇಲೆ ವಾರ್ನಿಷ್ ಹೊಡೆಯಬೇಕಿತ್ತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಊಟವಾಯಿತು. ಮಾವ ಕೈ ಒರೆಸಿಕೊಂಡು ಮೇಜಿನ ಹತ್ತಿರ ಬಂದರು. ಕನ್ನಡಕ ಹಾಕಿಕೊಂಡು ಬಗ್ಗಿದರು. ಹಲ್ಲಿನವನು ಉಸಿರು ಬಿಗಿಹಿಡಿದು ನಿಂತ.

"ಯಾರಮ್ಮ ಇದನ್ನ ಇಷ್ಟು ಗಲೀಜಾಗಿ ಬಿಟ್ಟಿರೋದು?" ಎಂದರು ಮಗಳಿಗೆ.

"ಅದು ಹಾಗೇ ಇರಬೇಕಂತೆ ಅಪ್ಪ. ನಿಜದ ಥರ."

"ಯಾವ ನಿಜ? ಗಾಡಿ ತೊಳೀದೆ ನಾನು ಒಂದು ದಿನಾನೂ ಊಟಕ್ಕೆ ಕೂತಿಲ್ಲ. ಒಂದು ಬಟ್ಟೆ ಒದ್ದೆ ಮಾಡಿ ತಾ."

ಮಗಳು ತಂದುಕೊಟ್ಟೇಬಿಟ್ಟಳು! ಮುದುಕರು ತೋಳು ಮಡಚಿ ಮುಂದಿನಿಂದ ಒರೆಸತೊಡಗಿದರು. ಮಣ್ಣು ಕರಗಿ ಬಟ್ಟೆಗೆ ಬಂತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ ನನ್ನ ಕೆಲಸ ಎಂದು ಹಲ್ಲಿನವನಿಗೆ ಅಳುವೇ ಬಂತು. ಅದಕ್ಕಿಂತ ಹೆಚ್ಚಾಗಿ ಭಯ. ಬಟ್ಟೆ ಮುಂಭಾಗ ಮುಗಿಸಿ ಪಕ್ಕಕ್ಕೆ ಬಂದಿತ್ತು. ಅಲ್ಲಿಂದ ಹಿಂದಕ್ಕೆ ಎಷ್ಟು ದೂರ?

"ಮಾವ, ಸಾಕು, ಮುಟ್ಟಬೇಡಿ!" ಎಂದು ಕಿರುಚಿಯೇಬಿಟ್ಟ. "ಹಿಂದ್ಗಡೆ ಏನೂ ಇಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅಂದೂ ಇರಲಿಲ್ಲ. ಮಾವ ತಲೆಯೆತ್ತಿ ಅವನನ್ನೊಮ್ಮೆ ನೋಡಿ, ಟ್ಯಾಂಕನ್ನು ಮೆಲ್ಲಗೆ ತಿರುಗಿಸಿ ಹಿಂಬದಿ ಒರೆಸಿದರು. ಸಂದು ಬಾಯಿ ಬಿಟ್ಟುಕೊಂಡು ಕಾಣಿಸಿತು. ಅದರೊಳಗೆ ಉಗುರು ತೂರಿಸಿ ನೋಡಿದರು.

"ಇದಕ್ಕೇನಯ್ಯಾ ಇಷ್ಟೊಂದು ಮಣ್ಣು?"

ಹಲ್ಲಿನವನು ಹೆಂಡತಿಯ ಕಡೆ ತಿರುಗಿದ, ಉತ್ತರ ಎಂದಿನಂತೆ ಅವಳ ಮೂಲಕವೇ ಹೋಗಬೇಕೇನೋ ಎಂಬಂತೆ. ಅವಳು ಕಣ್ಣರಳಿಸಿ ನಿಂತಿದ್ದಳು. ಆಗಲೇ ಅವನಿಗೆ ಹೊಳೆದದ್ದು, ಮಾವ ಕೇಳಿದ್ದು ನೇರವಾಗಿ ತನ್ನನ್ನೇ.

"ಹೌದು ಮಾವ. ಆತುರ ಮಾಡ್ಬಿಟ್ಟೆ. ನಾಚಿಕೆ ಆಯ್ತು, ಮುಚ್ಚಿಟ್ಟೆ."

"ಅದಕ್ಕೇ ನಾವು ತೊಳೀತಿದ್ದಿದ್ದು. ಮಣ್ಣು ಹಾಗೇ ಬಿಟ್ಟರೆ ಎಲ್ಲಿ ಬಿರುಕು ಬಿಟ್ಟಿದೆ ಗೊತ್ತಾಗಲ್ಲ. ಒಳಗಡೆ ನಾಲ್ಕು ಜನ ಕೂತಿರ್ತೀವಿ." ಮಾವ ಒದ್ದೆ ಹಸಿರಿನ ಮೇಲೆ ಅಂಗೈ ಇಟ್ಟರು. ಅವರ ದನಿ ಒಡೆಯಿತು. "ಬಣ್ಣ ಇದೇ ಕಣಯ್ಯಾ. ಇದೇ ನನ್ನ ಗಾಡಿ."

ಮುದುಕರು ಮೂಗು ಒರೆಸಿಕೊಂಡರು. ಆ ಮಣ್ಣಿನ ಬಟ್ಟೆಯಲ್ಲೇ. ಮೂಗಿನ ತುದಿ ಮಣ್ಣಿನ ಬಣ್ಣಕ್ಕೆ ತಿರುಗಿತು, ನಗುವ ಧೈರ್ಯ ಯಾರಿಗೂ ಬರಲಿಲ್ಲ.

"ಸಂದಿಗೆ ತುಂಬೋ ಪುಟ್ಟಿ ಇದೆಯೇನಯ್ಯಾ? ತಗೊಂಡು ಬಾ. ನಾನು ಒತ್ತಿ ಹಿಡ್ಕೊಳ್ತೀನಿ, ನೀನು ತುಂಬು."

ಇಬ್ಬರೂ ತಲೆಗೆ ತಲೆ ತಾಗಿಸಿ ಕೂತು ಸಂದು ತುಂಬಿದರು. ಅಷ್ಟರಲ್ಲಿ ಬಸ್ಸಿಗೆ ಹೊರಡುವ ಹೊತ್ತಾಗಿತ್ತು. ಹೆಂಡತಿ ಅಪ್ಪನ ಚೀಲ ತಂದು ಬಾಗಿಲ ಹತ್ತಿರ ಇಟ್ಟಳು. ಮಾವ ಗಡಿಯಾರ ನೋಡಿದರು.

"ಇದು ಒಣಗೋಕೆ ಎಷ್ಟು ಹೊತ್ತು ಬೇಕಯ್ಯಾ?"

ನಿಜಕ್ಕೆ ಅರ್ಧ ಗಂಟೆ ಸಾಕಿತ್ತು. ಈ ಮನೆಯಲ್ಲಿ ಪುಟ್ಟಿಯ ವಾಸನೆ ಕುಡಿದು ಬದುಕಿದ ಹೆಂಡತಿಗೂ ಅದು ಚೆನ್ನಾಗಿ ಗೊತ್ತು.

"ನಾಳೆ ಬೆಳಿಗ್ಗೆವರೆಗೂ ಬೇಕು ಮಾವ," ಎಂದ ಹಲ್ಲಿನವನು. ಜನ್ಮದಲ್ಲಿ ಮೊದಲ ಸಲ ಅವನ ಕೈಕಾಲು ಒಂದು ಕಡೆ ನಿಂತಿದ್ದವು.

ಹೆಂಡತಿ ಬಾಯಿ ತೆರೆದಳು, ಗಂಡನ ಮುಖ ನೋಡಿದಳು, ಮುಚ್ಚಿಕೊಂಡಳು.

"ಸರಿ ಮತ್ತೆ. ಈ ಸಲ ಆತುರ ಬೇಡ," ಎಂದು ಮಾವ ಕುರ್ಚಿಗೆ ಒರಗಿ ಮಗಳ ಕಡೆ ತಿರುಗಿದರು. "ನನಗೆಲ್ಲಿ ಹಾಸ್ತೀಯಮ್ಮ?"

ಅವಳು ಹಾಸಿಗೆ ತರಲು ಒಳಗೆ ಓಡಿದಳು. ಕಪಾಟಿನ ಬಾಗಿಲು ತೆರೆದ ಸದ್ದಾಯಿತು. ಹಾಸಿಗೆ ತೆಗೆಯಲು ಅಷ್ಟು ಹೊತ್ತೇನೂ ಬೇಕಾಗಿರಲಿಲ್ಲ, ಆದರೂ ಬಹಳ ಹೊತ್ತು ಅವಳು ಹೊರಗೆ ಬರಲಿಲ್ಲ.